ಅಚ್ಚು ಕೂರದ ನಾಣ್ಯ

“ಇದು ಸವೆದದ್ದಲ್ಲ ಮೇಡಂ. ಹುಟ್ಟಿದ್ದೇ ಹೀಗೆ.”

ಬಂದು ತಿಂಗಳೂ ಆಗದ ಹೊಸಬ ಹಾಗೆಂದಾಗ ಪರೀಕ್ಷಕರ ಕೋಣೆಯಲ್ಲಿ ಎಲ್ಲರ ತಲೆಯೂ ಮೇಲೆದ್ದಿತು. ಹನ್ನೊಂದು ವರ್ಷದಿಂದ ಮೊದಲ ಕುರ್ಚಿಯಲ್ಲಿ ಕೂತವಳು ಭೂತಗನ್ನಡಿಯನ್ನು ಕೆಳಗಿಟ್ಟಳು.

ಹಳೆಯ ಬೆಳ್ಳಿ ನಾಣ್ಯಗಳಿಗೆ ದರ್ಜೆ ಕೊಡುವ ಸಂಸ್ಥೆ ಅದು. ಒಂದೇ ನಾಣ್ಯವನ್ನು ಇಬ್ಬರು ನೋಡಬೇಕು, ಪರಸ್ಪರ ಮಾತಾಡದೆ ಚೀಟಿ ಬರೆಯಬೇಕು. ಚೀಟಿಗಳು ಹೊಂದದಿದ್ದರೆ ಯಜಮಾನರ ತೀರ್ಪು. ಹೊಸಬರು ಮೂರು ಸಲ ತಪ್ಪಿದರೆ ಮನೆಗೆ.

ಇದು ಅವನ ಮೂರನೆಯದು. ಮೂರೂ ಅವಳ ಚೀಟಿಯ ಎದುರೇ.

ನಾಣ್ಯದ ಮೇಲಿದ್ದ ರಾಣಿಯ ಕಿವಿಯ ಬಳಿ ಕೂದಲೆಳೆಗಳಿರಲಿಲ್ಲ, ನುಣ್ಣಗಿತ್ತು. ಕೈಯಿಂದ ಕೈಗೆ ಓಡಾಡಿ ಸವೆದಿದೆ ಎಂದು ಅವಳು ಬರೆದಿದ್ದಳು. ಒತ್ತುವಾಗಲೇ ಅಚ್ಚು ಪೂರ್ತಿ ಕೂತಿಲ್ಲ ಎಂದು ಅವನು.

“ತಿರುಗಿಸಿ ನೋಡಿ,” ಎಂದ.

*ನನಗೇ ಪಾಠ ಹೇಳ್ತಾನಾ…*

ಅವನು ಟಂಕಸಾಲೆಯಲ್ಲಿ ನಾಣ್ಯ ಒತ್ತುವ ಯಂತ್ರದ ಮುಂದೆ ಹನ್ನೆರಡು ವರ್ಷ ನಿಂತವನು. ಎಣ್ಣೆ ಬಿಡೋ ಕೈಗೆ ಭೂತಗನ್ನಡಿ ಕೊಟ್ಟರೆ ಹೀಗೇ ಎಂದು ಯಾರೋ ನಕ್ಕರು. ನಾಣ್ಯವನ್ನು ಒತ್ತಿದವನಿಗಿಂತ ಪರೀಕ್ಷಿಸುವವನೇ ಅದನ್ನು ಹೆಚ್ಚು ಬಲ್ಲ ಎಂಬುದು ಆ ಕೋಣೆಯ ಧರ್ಮ. ಯಜಮಾನರು ನಾಣ್ಯ ನೋಡಲಿಲ್ಲ, ಕುರ್ಚಿ ನೋಡಿ ತೀರ್ಪು ಕೊಟ್ಟರು. ಮಧ್ಯಾಹ್ನದೊಳಗೆ ಅವನ ಮೇಜು ಖಾಲಿಯಾಯಿತು.

ಗೆದ್ದವಳಿಗೆ ಊಟ ಇಳಿಯಲಿಲ್ಲ. ನಾಣ್ಯದ ಅಂಚನ್ನು ಎರಡೇ ಬೆರಳಲ್ಲಿ, ಹಕ್ಕಿಮರಿಯನ್ನು ಎತ್ತುವಂತೆ ಎತ್ತುತ್ತಿದ್ದ ಅವನ ಒರಟು ಕೈಯನ್ನು ತಾನು ಇಷ್ಟು ದಿನವೂ ಕದ್ದು ನೋಡುತ್ತಿದ್ದೆ ಎಂಬುದು ಈಗ ತಿಳಿಯಿತು.

ನಾಣ್ಯವನ್ನು ತಿರುಗಿಸಿದಳು.

ಕಿವಿಯ ನೇರ ಹಿಂದೆ, ಹಿಂಬದಿಯಲ್ಲಿ ಒತ್ತಿದ್ದ ಗುರಾಣಿ ಚಿತ್ರದ ನಡುವಿನ ಗೆರೆಗಳೂ ಇರಲಿಲ್ಲ. ಒತ್ತಡ ಸಾಲದೆ ಬೆಳ್ಳಿ ಅಚ್ಚಿನ ಆಳಕ್ಕೆ ಇಳಿಯದಿದ್ದರೆ ಎರಡೂ ಮುಖ ಒಂದೇ ಜಾಗದಲ್ಲಿ ಬೋಳಾಗುತ್ತವೆ. ದೀಪದಡಿ ಓರೆ ಮಾಡಿದಳು. ಸವೆದಿದ್ದರೆ ಅಲ್ಲಿ ಹೊಳಪು ಸಾಯಬೇಕಿತ್ತು. ಹೊಳಪು ಎಲ್ಲೂ ತುಂಡಾಗದೆ ಹರಿಯಿತು.

ಹಿಂದಿನ ಎರಡನ್ನೂ ತರಿಸಿ ನೋಡಿದಳು. ಅವೂ ಹಾಗೇ.

ಮೂರರಲ್ಲೂ ತಪ್ಪು ತನ್ನದೇ ಎಂದು ಬರೆದು ಯಜಮಾನರ ಮುಂದಿಟ್ಟಳು. ಅವರು ಕಾಗದವನ್ನು ಮಡಚಿದರು.

“ಇದನ್ನ ನಾವಿಬ್ಬರೇ ನುಂಗಿಕೊಳ್ಳೋಣಮ್ಮ. ಸಂಸ್ಥೆ ಮರ್ಯಾದೆ ಪ್ರಶ್ನೆ.”

“ಒಬ್ಬರ ಹೊಟ್ಟೆ ಮೇಲೆ ಹೊಡೆದು ಉಳಿಸೋ ಮರ್ಯಾದೆ ನನಗೆ ಬೇಡ ಸಾರ್.”

ಕಾಗದ ಗ್ರಾಹಕರಿಗೂ ಹೋಗುತ್ತದೆ ಎಂದು ಅವಳು ಹೇಳಿದ ಮೇಲೆ ಅವರು ಬಗ್ಗಿದರು. ಅವಳನ್ನು ಎರಡನೇ ಕುರ್ಚಿಗೆ ಇಳಿಸಿ, ಅವನನ್ನು ಮೂರನೆಯದಕ್ಕೆ ಕರೆಸಲು ಒಪ್ಪಿದರು. ಮೊದಲನೆಯದಕ್ಕೆ ತಮ್ಮ ಅಳಿಯನನ್ನು ಕೂರಿಸಿದರು.

ಸಂಜೆ ಅವಳು ಮೂರು ಮಹಡಿ ಹತ್ತಿ ಅವನ ಮನೆಯ ಬಾಗಿಲು ತಟ್ಟಿದಳು. ತೆರೆದದ್ದು ಅವನ ಅಕ್ಕ.

“ಕೆಲಸ ಕಿತ್ತುಕೊಂಡಿದ್ದಾಯ್ತು. ಇನ್ನೇನು ಬಾಕಿ ಉಳಿದಿದೆ ಅಂತ ಬಂದ್ರಿ?”

ಅವನು ಹಿಂದಿನಿಂದ ಬಂದ. ನಡೆದದ್ದನ್ನೆಲ್ಲ ಅವಳು ನೆಲ ನೋಡುತ್ತಲೇ ಹೇಳಿ ಮುಗಿಸಿದಳು. ತನ್ನನ್ನು ಎಣ್ಣೆ ಕೈಯವನೆಂದು ಅವಳೂ ಹೀಗಳೆದಳೆಂದೇ ತಿಳಿದಿದ್ದೆ ಎಂದು ಅವನು ಒಪ್ಪಿಕೊಂಡ. ನನ್ನನ್ನು ಹಣಿಯಲೆಂದೇ ನೀವು ಬಂದಿರಿ ಅಂದುಕೊಂಡೆ ಎಂದು ಅವಳೂ ಹೇಳಿದಳು. ಅಕ್ಕ ಇಬ್ಬರನ್ನೂ ಒಮ್ಮೆ ನೋಡಿ, ಜಾಣರ ಪೆದ್ದುತನಕ್ಕೆ ಮದ್ದಿಲ್ಲ ಎಂದು ಗೊಣಗುತ್ತಾ ಒಳಗೆ ಹೋದಳು.

“ನಾಳೆ ಬರ್ತೀರಲ್ಲ?” ಅವಳು ಕೇಳಿದಳು.

“ಬರ್ತೀನಿ. ಮೊದಲಿನ ಹಾಗೆ ಇಬ್ಬರೂ ಒಂದೇ ನಾಣ್ಯ ನೋಡೋಣ.”

“ಅದು ಆಗಲ್ಲ. ಸಂಬಂಧ ಇರೋರು ಒಂದೇ ನಾಣ್ಯ ನೋಡೋ ಹಾಗಿಲ್ಲ ಅಂತ ಸಂಸ್ಥೆ ನಿಯಮ.”

“ನಮ್ಮಿಬ್ಬರಿಗೆ ಏನು ಸಂಬಂಧ?”

ಅವಳು ಮೊದಲ ಬಾರಿಗೆ ತಲೆಯೆತ್ತಿದಳು.

“ಅದನ್ನ ಕೇಳೋಕೇ… ಇಷ್ಟು ಮೆಟ್ಟಿಲು ಹತ್ತಿ ಬಂದೆ.”

ಅವನು ಬಾಗಿಲನ್ನು ಪೂರ್ತಿ ತೆರೆದ.