ಲಿನ್ ಆಂಟಿಯ ಆರನೇ ಪ್ಯಾಸೇಜ್

“ಬಿ.”

ಲಿನ್ ಆಂಟಿ ಪ್ರಶ್ನೆ ಓದಿ ಮುಗಿಸುವುದಕ್ಕೂ ಬಿಡದೆ ಸುಹಾಸ್ ಉತ್ತರ ಹೇಳಿಬಿಟ್ಟ. ಅದು ಸರಿಯಾಗಿಯೇ ಇತ್ತು. ಐದನೇ ಕ್ಲಾಸಿನ ಸುಹಾಸನಷ್ಟು ಬೇಗ ಇಂಗ್ಲಿಷ್ ಓದುವವರು ಅವರಿದ್ದ ಬಡಾವಣೆ ಎಜುಕೇಶನ್ ಹಿಲ್‌ನಲ್ಲಿ ಇರಲಿಲ್ಲ. ಎಜುಕೇಶನ್ ಹಿಲ್ ಯಾಕೆ, ಇಡೀ ಅಮೆರಿಕದಲ್ಲೇ ಇರಲಿಲ್ಲ. ಅವನು ಪುಟ ತಿರುಗಿಸುವ ರಭಸದ ಗಾಳಿಗೆ ಪಕ್ಕದಲ್ಲಿ ಕೂತವರಿಗೆ ನೆಗಡಿಯಾಗುತ್ತಿತ್ತು.

ಲಿನ್ ಆಂಟಿ ಅವನ ಗೆಳೆಯ ಕೆವಿನ್‌ನ ಅಮ್ಮ. ಮೊದಲು ಚೀನಾದಲ್ಲಿ ಇಂಗ್ಲಿಷ್ ಟೀಚರ್ ಆಗಿದ್ದರು. ಅಲ್ಲಿ ಯೂನಿವರ್ಸಿಟಿ ಸೇರಬೇಕಾದರೆ ಒಂದು ಭಯಂಕರ ಪರೀಕ್ಷೆ ಬರೆಯಬೇಕು. ಅದರ ಹೆಸರು ಕೇಳಿದರೆ ಹುಲಿಯೂ ಮಂಚದ ಕೆಳಗೆ ನುಗ್ಗುತ್ತದೆ. ತಮ್ಮ ಹಳೆಯ ಸ್ಕೂಲಿನ ಮಕ್ಕಳ ಅಭ್ಯಾಸಕ್ಕೆ ಆಂಟಿ ಇಲ್ಲಿಂದ ಪುಟ್ಟ ಪುಟ್ಟ ಪ್ಯಾಸೇಜ್ ಬರೆದು, ಕೆಳಗೆ ಪ್ರಶ್ನೆ, ಪ್ರಶ್ನೆಗೆ ನಾಲ್ಕು ಉತ್ತರ ಹಾಕಿ ಈಮೇಲ್ ಮಾಡುತ್ತಿದ್ದರು. ಕಳಿಸುವ ಮೊದಲು ಸುಹಾಸನ ಮೇಲೆ ಪ್ರಯೋಗ. ಅವನಿಗೇ ಉತ್ತರ ಸಿಗದಿದ್ದರೆ ಪ್ರಶ್ನೆಯಲ್ಲೇ ಏನೋ ಐಬಿದೆ ಎಂದು ಅರ್ಥ.

ಹೊರಗೆ ಮಳೆ. ೨೦೦೨ರ ಆ ಚಳಿಗಾಲದಲ್ಲಿ ಮಳೆ ಯಾವಾಗ ಶುರುವಾಯಿತೆಂಬುದು ಮೋಡಗಳಿಗೇ ಮರೆತುಹೋಗಿತ್ತು.

ಆಂಟಿ ಆರನೇ ಹಾಳೆ ಕೊಟ್ಟರು. ಇದನ್ನು ತಾವು ಲೈಬ್ರರಿಯಲ್ಲಿ ಕಣ್ಣಾರೆ ಕಂಡು ಬರೆದದ್ದು ಎಂದರು.

ಒಬ್ಬ ಮನುಷ್ಯ ದಿನವೂ ಇಸ್ತ್ರಿ ಮಾಡಿದ ಶರ್ಟ್ ಹಾಕಿಕೊಂಡು ಒಂಬತ್ತಕ್ಕೆ ಲೈಬ್ರರಿಗೆ ಬರುತ್ತಾನೆ. ಪೇಪರಿನಲ್ಲಿ ಕೆಲಸದ ಜಾಹೀರಾತುಗಳಿಗೆ ಪೆನ್ಸಿಲ್‌ನಲ್ಲಿ ಗುರುತು ಹಾಕುತ್ತಾನೆ. ಮಧ್ಯಾಹ್ನ ಹೊರಗಿನ ಬೆಂಚಿನ ಮೇಲೆ ಒಬ್ಬನೇ ಕೂತು ಸ್ಟೀಲ್ ಡಬ್ಬಿ ತೆರೆಯುತ್ತಾನೆ. ಅಂಗೈಯಲ್ಲಿ ನೀರು ಹಾಕಿಕೊಂಡು ಡಬ್ಬಿಯ ಸುತ್ತ ಒಂದು ಗೆರೆ ಎಳೆದು, ಆಮೇಲೆ ಊಟ ಮಾಡುತ್ತಾನೆ. ಐದೂವರೆಗೆ ಸರಿಯಾಗಿ ಮನೆಗೆ ಹೊರಡುತ್ತಾನೆ.

ಸುಹಾಸ್ ನೀರಿನ ಗೆರೆಯ ಸಾಲನ್ನು ಮತ್ತೆ ಓದಿದ. ನಿಧಾನವಾಗಿ ಓದಿದ.

ಊಟಕ್ಕೆ ಮೊದಲು ಹಾಗೆ ನೀರು ಸುತ್ತುವವರನ್ನು ಈ ಊರಿನಲ್ಲಿ ಅವನು ಒಬ್ಬರನ್ನೇ ನೋಡಿದ್ದ. ಅಪ್ಪನನ್ನು. ಆದರೆ ಅಪ್ಪ ಕರ್ಕ್‌ಲ್ಯಾಂಡ್‌ನ ಆಫೀಸಿಗೆ ಹೋಗುತ್ತಾನಲ್ಲ? ಬೆಳಿಗ್ಗೆ ತಾನೇ ಅಮ್ಮ ಡಬ್ಬಿಗೆ ಮೊಸರನ್ನ ಹಾಕಿಕೊಟ್ಟಿದ್ದಳು.

ಆಂಟಿ ಪ್ರಶ್ನೆ ಓದಿದರು. ಈ ಮನುಷ್ಯ ದಿನವೂ ಲೈಬ್ರರಿಗೆ ಯಾಕೆ ಬರುತ್ತಾನೆ? ಎ, ಅವನಿಗೆ ಓದುವುದು ಇಷ್ಟ. ಬಿ, ಗೆಳೆಯನಿಗಾಗಿ ಕಾಯುತ್ತಾನೆ. ಸಿ, ಕೆಲಸ ಹೋಗಿರುವುದು ಮನೆಯವರಿಗೆ ಗೊತ್ತಾಗಬಾರದು. ಡಿ, ಮನೆಯಲ್ಲಿ ಹೀಟರ್ ಇಲ್ಲ.

ಸುಹಾಸ್ ಹಾಳೆಯನ್ನು ಮಗುಚಿಟ್ಟ.

“ಎ,” ಎಂದ.

ಕೆವಿನ್ ಬಿದ್ದು ಬಿದ್ದು ನಕ್ಕ. ಕಿಂಡರ್‌ಗಾರ್ಟನ್ ಪಾಪುಗೂ ಸಿ ಅಂತ ಗೊತ್ತಾಗತ್ತೆ ಎಂದು ಅಣಕಿಸಿದ. ಇನ್ನೊಂದು ಸಲ ಓದು ಎಂದರು ಆಂಟಿ. ಸುಹಾಸ್ ಹಾಳೆಯನ್ನು ಮುಟ್ಟಲಿಲ್ಲ.

“ಎ ಅಂದ್ನಲ್ಲ. ಅವ್ರಿಗೆ ಓದೋದು ಇಷ್ಟ.”

ಆಂಟಿ ಅವನ ಮುಖ ನೋಡಿದರು. ಅವನ ಅಪ್ಪನನ್ನು ಅವರು ಒಮ್ಮೆಯೂ ಭೇಟಿಯಾಗಿರಲಿಲ್ಲ. ಪ್ರಶ್ನೆ ಸರಿಯಿಲ್ಲವೇನೋ ಎಂದುಕೊಂಡು ಅದರ ಪಕ್ಕ ಒಂದು ಗೀಟು ಹಾಕಿದರು.

ಅಪ್ಪ ಆರು ಗಂಟೆಗೆ ಮನೆಗೆ ಬಂದ. ಬೂಟು ಒದ್ದೆಯಾಗಿತ್ತು. ಊಟಕ್ಕೆ ಕೂತಾಗ ಅಮ್ಮ ಆಫೀಸಿನ ಸುದ್ದಿ ಕೇಳಿದಳು.

“ಬರೀ ಮೀಟಿಂಗು ಕೌಸಲ್ಯಾ. ತಲೆ ಎತ್ತಕ್ಕಾಗ್ಲಿಲ್ಲ,” ಎಂದ ಅಪ್ಪ.

ಬೇರೆ ದಿನವಾಗಿದ್ದರೆ ಸುಹಾಸ್ ಸಾವಿರದೆಂಟು ಪ್ರಶ್ನೆ ಕೇಳುತ್ತಿದ್ದ. ಮರುದಿನ ಅವನು ಸ್ಕೂಲಿನಲ್ಲಿ ಕೊಚ್ಚಿಕೊಳ್ಳುವಾಗ ಅಪ್ಪನ ಆಫೀಸು ಹತ್ತು ಮಹಡಿ ಎತ್ತರಕ್ಕೆ ಬೆಳೆದಿರುತ್ತಿತ್ತು. ಇವತ್ತು ಕೇಳಿದ್ದು ಬೇರೆಯದೇ ಪ್ರಶ್ನೆ.

“ಅಪ್ಪಾ, ಹೊರಗಡೆ ಬೆಂಚ್ ಮೇಲೆ ಕೂತ್ರೆ ಚಳಿ ಆಗಲ್ವಾ?”

ಅಪ್ಪನ ಕೈ ತಟ್ಟೆಯಲ್ಲೇ ನಿಂತಿತು. “ಎಲ್ಲಿ?”

ಅಮ್ಮ ಸಾರು ಬಡಿಸುತ್ತಿದ್ದಳು. ಸುಹಾಸ್ ಅವಳನ್ನು ನೋಡಿದ, ಅಪ್ಪನನ್ನು ನೋಡಿದ.

“ಬಸ್ ಸ್ಟಾಪಲ್ಲಿ,” ಎಂದ.

ಅಪ್ಪ ಕಲಸಿದ ಅನ್ನವನ್ನೇ ಮತ್ತೆ ಕಲಸಿದ. ಆಮೇಲೆ, “ಸ್ವಲ್ಪ ಆಗತ್ತೆ ಪುಟ್ಟಾ,” ಎಂದ. ದನಿ ತೀರ ಸಣ್ಣಗಿತ್ತು.

ಸುಹಾಸ್ ಕುರ್ಚಿಯನ್ನು ಅಪ್ಪನ ಪಕ್ಕಕ್ಕೆ ಎಳೆದುಕೊಂಡ. ಅಮ್ಮನಿಗೂ ಕೇಳಿಸುವಷ್ಟು ಜೋರಾಗಿ, “ಮೀಟಿಂಗಲ್ಲಿ ಎಷ್ಟ್ ಜನ ಇದ್ರು?” ಎಂದು ಕೇಳಿದ.