ಗಂಟೆ ಹೊಡೆಯುವ ತನಕ ನಾನು ಹೋಟೆಲ್ ಮಾಲೀಕ

ಚೌಕಾಸಿಯಲ್ಲಿ ನನ್ನನ್ನು ಸೋಲಿಸುವವರು ಈ ಭೂಮಿಯ ಮೇಲೆ ಹುಟ್ಟಿಲ್ಲ. ಹುಟ್ಟಿದ್ದರೂ ನಮ್ಮ ಹಳೇ ಫರ್ನಿಚರ್ ಅಂಗಡಿಗೆ ಬಂದಿಲ್ಲ. ಮೂರು ಕಾಲಿನ ಮೇಜನ್ನು 'ನಾಲ್ಕನೇದು ಸುಮ್ನೆ ಅಡ್ಡ ಬರುತ್ತೆ' ಎಂದು ಒಪ್ಪಿಸಿ ಕಳಿಸಿದವನು ನಾನು. ಕೊಂಡವರು ವಾರದ ಮೇಲೆ ಬಂದು ಥ್ಯಾಂಕ್ಸ್ ಬೇರೆ ಹೇಳಿದರು. ಅಕ್ಕ ಇದನ್ನು ಸುಳ್ಳು ಎನ್ನುತ್ತಾಳೆ. ಅಕ್ಕನಿಗೆ ಹೊಟ್ಟೆಕಿಚ್ಚು.

ಇಂಥ ನನ್ನ ಎದುರು ಒಂದು ಸಂಜೆ ಒಬ್ಬಳು ಬಂದು ಕೂತಳು. ಏನನ್ನೂ ಕೊಳ್ಳಲಿಲ್ಲ. ನಾನು ಗಿರಾಕಿಗಳೊಡನೆ ಮಾತಾಡುವುದನ್ನೇ ನೋಡುತ್ತಾ, ತುಟಿ ಕಚ್ಚಿ ನಗು ತಡೆಯುತ್ತಾ, ಪುಸ್ತಕದಲ್ಲಿ ಏನೋ ಗೀಚುತ್ತಿದ್ದಳು. ಮೂರು ಸಂಜೆ ಹೀಗೇ. ನನ್ನ ರೂಪಕ್ಕೆ ಮರುಳಾದವರ ಉದ್ದನೆಯ ಪಟ್ಟಿಗೆ ಇನ್ನೊಬ್ಬಳು ಎಂದುಕೊಂಡು ಮೀಸೆ ತಿರುವಿದೆ.

"ಏನ್ ಬರೀತಿದೀರಿ? ಕವಿತೆನಾ?"

"ನಿಮ್ಮ ಸುಳ್ಳುಗಳನ್ನ," ಎಂದಳು. "ನಾನು ಟೀಚರ್. ಹೊಸದಾಗಿ ಊರಿಗೆ ಬಂದೋರಿಗೆ ನಮ್ಮ ಭಾಷೆ ಕಲಿಸ್ತೀನಿ. ಪಠ್ಯಪುಸ್ತಕದಲ್ಲಿ ಯಾರೂ ಹೀಗೆ ಚೌಕಾಸಿ ಮಾಡಲ್ಲ. ಕ್ಲಾಸಿಗೆ ಬರ್ತೀರಾ?"

"ಹೋಗೋ ಮಾರಾಯ," ಎಂದಳು ಅಕ್ಕ ಒಳಗಿನಿಂದ. "ನನ್ನ ಕಿವಿಗೂ ಒಂದಿಷ್ಟು ರಜಾ ಸಿಗ್ಲಿ."

ಅವಳ ಕ್ಲಾಸಿನ ಪದ್ಧತಿಯೇ ಬೇರೆ. ಪಾಠವಿಲ್ಲ, ಆಟ. ಇಬ್ಬರಿಗೆ ಎರಡು ಚೀಟಿ: ನೀನು ಯಾರು, ನಿನಗೇನು ಬೇಕು, ಯಾವುದನ್ನು ಬಿಟ್ಟುಕೊಡಬಾರದು. ಒಬ್ಬರ ಚೀಟಿಯನ್ನು ಇನ್ನೊಬ್ಬರು ನೋಡುವಂತಿಲ್ಲ. ಅವಳು ಗಂಟೆ ಹೊಡೆಯುವ ತನಕ ವೇಷ ಕಳಚುವಂತಿಲ್ಲ. ಮುಗಿದ ಮೇಲೆ ಕ್ಲಾಸಿನವರೇ ಅಂಕ ಕೊಡುತ್ತಾರೆ.

ಆರು ತಿಂಗಳಲ್ಲಿ ನಾನು ಮನೆ ಮಾಲೀಕನಾದೆ, ಬಸ್ ಕಂಡಕ್ಟರಾದೆ, ಒಮ್ಮೆ ಹಲ್ಲು ಕೀಳುವ ಡಾಕ್ಟರೂ ಆದೆ. ನಾನು ಬಾಯಿ ತೆರೆದರೆ ಫ್ಯಾನು ತಿರುಗುವುದನ್ನು ನಿಲ್ಲಿಸಿ ಕೇಳುತ್ತಿತ್ತು. ಅವಳು ಮಾತ್ರ ಗಲ್ಲಕ್ಕೆ ಪೆನ್ನು ಊರಿ, ಒಂದೇ ಒಂದು ಹುಬ್ಬು ಎತ್ತುತ್ತಿದ್ದಳು. ಆ ಹುಬ್ಬಿಗೆ ಎಡವಿ ನಾನು ಎಷ್ಟು ಸಲ ಮಾತಲ್ಲಿ ತಡವರಿಸಿದೆನೋ!

ಒಂದು ಶನಿವಾರ, ಕ್ಲಾಸಿಗೆಲ್ಲ ಹಿರಿಯಳಾದ ನರ್ಸಮ್ಮ ನನ್ನನ್ನು ಬಾಗಿಲಲ್ಲೇ ತಡೆದಳು.

"ಟೀಚರ್ ಹೋಗ್ತಾಳೆ. ಬೇರೆ ಊರು. ದೊಡ್ಡ ಶಾಲೆ. ರೈಲಲ್ಲಿ ಎರಡು ಗಂಟೆ. ಸೋಮವಾರ ಉತ್ತರ ಕೊಡ್ಬೇಕು."

ನನ್ನ ಎದೆ ಧಸಕ್ಕೆಂದ ಸದ್ದಿಗೆ ಎದುರು ಕಟ್ಟಡದ ಪಾರಿವಾಳಗಳೆಲ್ಲ ಹಾರಿಹೋದವು.

ಅಂದಿನ ಚೀಟಿ: ನಾನು ಹೋಟೆಲ್ ಮಾಲೀಕ, ಕೆಲಸ ಬಿಡಲು ಹೊರಟ ಅಡುಗೆಯವಳನ್ನು ಉಳಿಸಿಕೊಳ್ಳಬೇಕು. ಅಡುಗೆಯವಳಾಗಬೇಕಿದ್ದ ಹುಡುಗಿ ಬಂದಿರಲಿಲ್ಲ. ಟೀಚರೇ ಆ ಚೀಟಿ ಎತ್ತಿಕೊಂಡು ಎದುರು ಕೂತಳು.

"ನಾನು ಕೆಲಸ ಬಿಡ್ತಿದೀನಿ, ಸಾಹುಕಾರ್ರೇ."

"ಹೊಸ ಸ್ಟೌ ಕೊಡಿಸ್ತೀನಿ."

"ಬೇಡ."

"ಅಡುಗೆಮನೆಗೆ ಕಿಟಕಿ ಇಡಿಸ್ತೀನಿ. ಎರಡು. ಬೇಕಂದ್ರೆ ಗೋಡೆನೇ ಒಡೆಸಿಬಿಡ್ತೀನಿ!"

ಕ್ಲಾಸು ನಕ್ಕಿತು. ಅವಳು ನಗಲಿಲ್ಲ. "ಅಲ್ಲಿ ದೊಡ್ಡ ಕೆಲಸ. ಇಂಥ ಅವಕಾಶ ನನಗೆ ಮತ್ತೆ ಬರಲ್ಲ."

"ನೀವು ಹೋದ್ರೆ... ಸಂಜೆ ನಿಮ್ಮ ಮುಖ ನೋಡೋದಿಲ್ಲ ಅಂದ್ರೆ ಬೆಳಿಗ್ಗೆ ನಾನು ಅಂಗಡಿ ಬಾಗಿಲು ಯಾಕಾದ್ರೂ ತೆಗೀಬೇಕು? ಹೋಗ್ಬೇಡಿ. ನನಗೆ ನೀವು ಬೇಕು."

"ನಿಮ್ದು ಹೋಟೆಲು," ಎಂದಳು ಮೆಲ್ಲಗೆ. "ಅಂಗಡಿಯಲ್ಲ."

ಗಂಟೆ ಅವಳ ಕೈಯಲ್ಲೇ ಇತ್ತು. ಹೊಡೆಯುವುದನ್ನೇ ಮರೆತಿದ್ದಳು. ನರ್ಸಮ್ಮ ಎದ್ದು ಬಂದು, ಅದನ್ನು ಕಿತ್ತುಕೊಂಡು ಹೊಡೆದಳು.

"ಮಾತು, ಹತ್ತಕ್ಕೆ ಒಂಬತ್ತು. ಒಪ್ಪಂದ, ಹತ್ತಕ್ಕೆ ಎರಡು. 'ನನಗೆ ಬೇಕು, ನನಗೆ ಬೇಕು' ಅಂದೆ ನೀನು. ಅವಳಿಗೆ ಏನು ಬೇಕು? ಒಂದು ಸಲಾನೂ ಕೇಳಿಲ್ಲ."

ಹನ್ನೆರಡು ಜನ ತಲೆ ತಗ್ಗಿಸಿ ಅದನ್ನು ನೋಟ್‌ಬುಕ್ಕಿನಲ್ಲಿ ಬರೆದುಕೊಂಡರು. ನನ್ನ ಬಳಿ ನೋಟ್‌ಬುಕ್ ಇರಲಿಲ್ಲ. ಆದರೆ ಆ ಮಾತು ಎಲ್ಲಿ ನಾಟಬೇಕೋ ಅಲ್ಲಿ ನಾಟಿತು.

ಎಲ್ಲರೂ ಹೋದರು. ಅವಳು ಕುರ್ಚಿಗಳನ್ನು ಒಂದರ ಮೇಲೊಂದು ಪೇರಿಸುತ್ತಿದ್ದಳು.

"ಟೀಚರ್, ನಿಮಗೇನು ಬೇಕು?"

ಎತ್ತಿದ ಕುರ್ಚಿಯನ್ನು ಹಾಗೇ ಎದೆಗೆ ಅವುಚಿಕೊಂಡಳು. ಇದೊಂದನ್ನು ನಾನು ಉಬ್ಬಿಸಿ ಹೇಳುತ್ತಿಲ್ಲ.

"ಆ ಕೆಲಸ ಬೇಕು. ತುಂಬಾ ಬೇಕು."

"ಸರಿ. ಆಮೇಲೆ?"

"ಆಮೇಲೆ..." ಅವಳ ಕಿವಿಯ ತುದಿ ಕೆಂಪಾಯಿತು. "ನೀವೂ ಬೇಕು. ಎರಡರಲ್ಲಿ ಒಂದು ಆರಿಸ್ಕೊಳ್ಳಿ ಅಂತೀರೇನೋ ಅಂತ ಭಯ ಆಗಿತ್ತು. ಅದಕ್ಕೇ ಹೇಳಿರ್ಲಿಲ್ಲ."

"ಎರಡೂ ತಗೊಳ್ಳಿ," ಎಂದೆ. "ಸೋಮವಾರ ಹೂಂ ಅನ್ನಿ. ವಾರಕ್ಕೆ ಎರಡು ದಿನ ನಾನೇ ರೈಲು ಹತ್ತಿ ಬರ್ತೀನಿ."

"ಮೂರು."

"ಆಯ್ತು."

"ಅಯ್ಯೋ, ಇಷ್ಟು ಬೇಗ ಒಪ್ಕೊಂಡ್ರಾ! ನಾಲ್ಕು ಕೇಳ್ಬೇಕಿತ್ತು ನಾನು."

"ಕೇಳಿ ನೋಡಿ."

ಕುರ್ಚಿಯನ್ನು ಕೆಳಗಿಟ್ಟು ಹತ್ತಿರ ಬಂದಳು. ನನ್ನ ಶರ್ಟಿನ ಗುಂಡಿಯೊಂದನ್ನು ಹಿಡಿದು, ಅದಕ್ಕೇ ಹೇಳುವವಳಂತೆ, "ಏಳೂ ದಿನ," ಎಂದಳು.

ಅದಕ್ಕೂ ಒಪ್ಪಿದೆ. ಅಂಗಡಿ ನೋಡಿಕೊಳ್ಳಲು ಅಕ್ಕ ಇದ್ದಾಳಲ್ಲ.