ಆಫ್ ಆಗಿದ್ದ ಸ್ವಿಚ್

"ಇಷ್ಟೊಂದು ಪೆಡಲ್ ಹೊತ್ಕೊಂಡು ಬಂದಿದೀರಲ್ಲ, ನುಡಿಸೋಕೂ ಬರುತ್ತಾ?"

ಅವಳು ಹೀಗೆ ಕೇಳಿದಾಗ ಗಿಟಾರಿನವನು ಸ್ಟುಡಿಯೋ ಬಾಗಿಲಲ್ಲಿ ಇನ್ನೂ ಚಪ್ಪಲಿ ಬಿಟ್ಟಿರಲಿಲ್ಲ. ಅವಳನ್ನು ನೋಡಿ ನಕ್ಕ. ಆ ನಗು ಅವಳ ಎದೆಯಲ್ಲಿ ಎಲ್ಲೋ ತಗುಲಿತು... ಅದಕ್ಕೇ ಇನ್ನಷ್ಟು ಸಿಟ್ಟು ಬಂತು.

ಸೋದರಮಾವನ ಸ್ಟುಡಿಯೋದಲ್ಲಿ ವರ್ಷಗಟ್ಟಲೆ ವೈರು ಸುತ್ತಿದವಳಿಗೆ ಅಂದು ಮೊದಲ ಸಲ ರೆಕಾರ್ಡಿಂಗ್ ಕುರ್ಚಿ ಸಿಕ್ಕಿತ್ತು. ಹಾಡು ಚೆನ್ನಾಗಿ ಬಂದರೆ ಕುರ್ಚಿ ಅವಳದು, ಕೆಟ್ಟರೆ ತನ್ನ ಅಳಿಯನದು ಎಂದು ಮಾವ ಗಿಟಾರಿನವನ ಎದುರೇ ಹೇಳಿದ. ಆ ಅಳಿಯನಿಗೆ ಮೈಕಿಗೂ ಟಾರ್ಚಿಗೂ ವ್ಯತ್ಯಾಸ ತಿಳಿಯದು.

ಗಿಟಾರಿನವನು ಸದ್ದು ಬದಲಿಸುವ ತನ್ನ ಪೆಡಲನ್ನು ಕಾಲ ಬಳಿ ಇಟ್ಟು, ಸದ್ದನ್ನು ಒರಟಾಗಿಸುವ ಗೇನ್ ತಿರುಪನ್ನು ಪೂರ್ತಿ ತಿರುಗಿಸಿ ನುಡಿಸಿದ. ಸ್ವರಗಳೆಲ್ಲ ಕಲಸಿಹೋದವು. ಸ್ಟೇಜಿನಲ್ಲಿ ಇದಕ್ಕೆ ಸಿಳ್ಳೆ ಬೀಳಬಹುದು, ರೆಕಾರ್ಡಿಂಗಿನಲ್ಲಿ ಬರೀ ಗಲಾಟೆ ಎಂದು ಅವಳು ಸಂಗೀತ ನಿರ್ದೇಶಕನೂ ಸೇರಿ ಎಲ್ಲರ ಮುಂದೆ ಹೇಳಿದಳು. ಅವನ ಪೆಡಲುಗಳನ್ನು ಕಾಲಿನಿಂದ ಪಕ್ಕಕ್ಕೆ ತಳ್ಳಿ, ಆಂಪ್ಲಿಫೈಯರಿನ ಕೆಲಸವನ್ನೂ ತಾನೇ ಮಾಡುವ ಸ್ಟುಡಿಯೋದ ಓವರ್‌ಡ್ರೈವ್ ಪ್ರೀಆಂಪ್ ಪೆಡಲ್ ಇಟ್ಟಳು. ಆಂಪ್ಲಿಫೈಯರ್ ಬೇಡ, ಗಿಟಾರಿನಿಂದ ಪೆಡಲಿಗೆ, ಪೆಡಲಿನಿಂದ ನೇರ ರೆಕಾರ್ಡಿಂಗಿಗೆ. ಗೇನ್ ಅರ್ಧಕ್ಕಿಂತ ಕೆಳಗೆ.

"ಸೆಟ್ಟಿಂಗ್ ನಂದು, ಯಾರೂ ಮುಟ್ಟಬೇಡಿ. ಇನ್ನೂ ಕೆಟ್ಟದಾಗಿ ಬಂದ್ರೆ ಅದು ಬೆರಳಿನ ತಪ್ಪು."

ಕೆಟ್ಟದಾಗಿಯೇ ಬಂತು. ಕಿವಿಯ ಹತ್ತಿರ ಸೊಳ್ಳೆ ಹಾರಿದಂಥ ಸದ್ದು. ಸಂಗೀತ ನಿರ್ದೇಶಕ ಮುಖ ಸಿಂಡರಿಸಿದ. ಗಿಟಾರಿನವನು ಪೆಡಲಿನತ್ತ ಬಗ್ಗಿದ, ಕೈ ಚಾಚಿದ, ಗಾಜಿನಾಚೆ ಕೂತಿದ್ದ ಮಾವನನ್ನು ನೋಡಿದ... ಕೈ ಹಿಂದಕ್ಕೆ ತೆಗೆದುಕೊಂಡ.

"ಕೈ ಇವತ್ತು ಸರಿಯಾಗಿ ಕೂರ್ತಿಲ್ಲ ಸರ್. ಬೇರೆಯವರನ್ನ ಕರೆಸಿ."

'ಥೂ, ಹೇಡಿ!' ಎಂದುಕೊಂಡಳು. ಹೊರಟವನ ಬೆನ್ನನ್ನು ಅಷ್ಟು ಹೊತ್ತು ಯಾಕೆ ನೋಡಿದೆ ಎಂದು ಮಾತ್ರ ಕೇಳಿಕೊಳ್ಳಲಿಲ್ಲ.

ಎಲ್ಲರೂ ಊಟಕ್ಕೆ ಹೋದಾಗ ಒರೆಸಿಡಲು ಪೆಡಲ್ ಎತ್ತಿದಳು. ಪಕ್ಕದ ಸಣ್ಣ ಸ್ವಿಚ್ ಆಫ್ ಆಗಿತ್ತು. ಪೆಡಲಿನ ಒರಟು ಸದ್ದನ್ನು ಸ್ಪೀಕರ್ ಪೆಟ್ಟಿಗೆಯಿಂದ ಬಂದಂತೆ ಹದ ಮಾಡುವ ಸ್ವಿಚ್ ಅದು. ಆಂಪ್ಲಿಫೈಯರ್ ಇಲ್ಲದಾಗ ಆನ್ ಇರಲೇಬೇಕು. ಹಾಕಬೇಕಾದವಳು ಅವಳೇ.

ಪೆಡಲಿಗೆ ಹೋಗುವ ಮೊದಲೇ ಗಿಟಾರಿನ ಬರೀ ದನಿಯನ್ನು ಬೇರೆ ಟ್ರ್ಯಾಕಿನಲ್ಲಿ ಹಿಡಿದಿಡುವುದು ಆ ಸ್ಟುಡಿಯೋದ ರೂಢಿ. ಸ್ವಿಚ್ ಹಾಕಿ, ಆ ದನಿಯನ್ನು ಮತ್ತೆ ಪೆಡಲಿನ ಮೂಲಕ ಹರಿಸಿ ಕೇಳಿದಳು. ಒಂದು ಸ್ವರವೂ ಜಾರಿರಲಿಲ್ಲ. ಕಣ್ಣು ತುಂಬಿತು... ಆಮೇಲೆ ಮೈಯೆಲ್ಲ ಉರಿಯಿತು.

ಪೆಡಲಿನತ್ತ ಬಗ್ಗಿದಾಗಲೇ ಅವನಿಗೆ ಗೊತ್ತಾಗಿತ್ತು! ಸ್ವಿಚ್ ಒತ್ತಿದ್ದರೆ ಮಾವನ ಕಣ್ಣೆದುರೇ ಅವಳ ಕುರ್ಚಿ ಹೋಗುತ್ತಿತ್ತೆಂದು ಸುಮ್ಮನಾಗಿದ್ದ. ಇವನ ದಯೆ ಯಾರು ಕೇಳಿದ್ದರು?

ಅವನು ಗಿಟಾರುಗಳಿಗೆ ತಂತಿ ಹಾಕುವ ವಾದ್ಯದಂಗಡಿ ಹಿಂದಿನ ಬೀದಿಯಲ್ಲೇ ಇತ್ತು. ಮಾವನ ಬಳಿ ಮಾತಾಡಿ, ನೇರ ಅಲ್ಲಿಗೆ ನಡೆದಳು.

"ನೀವೇನು ತ್ಯಾಗಮೂರ್ತಿನಾ? ಸ್ವಿಚ್ ಆಫ್ ಇದೆ ಅನ್ನೋಕೆ ಬಾಯಿ ಇರಲಿಲ್ವಾ?"

"ಹೇಳಿದ್ರೆ ಕೇಳ್ತಿದ್ರಾ?"

"ಇಲ್ಲ." ಅವಳು ಕೌಂಟರಿನ ಮೇಲಿನ ತಂತಿಯ ತುಂಡನ್ನು ಬೆರಳಿಗೆ ಸುತ್ತಿದಳು. "ತಪ್ಪು ನಂದು ಅಂತ ಮಾವನಿಗೆ ಹೇಳ್ಬಂದೆ. ನಿಮ್ಮ ಟ್ರ್ಯಾಕ್ ಹಾಡಲ್ಲೇ ಇರುತ್ತೆ."

"ಕುರ್ಚಿ?"

"ಮಾವನ ಅಳಿಯನಿಗೆ. ಟಾರ್ಚ್ ಹಿಡ್ಕೊಂಡು ಕೂತ್ಕೊಳ್ಳಲಿ."

ಅವನು ನಗಲಿಲ್ಲ. ಹಾಗಾದರೆ ತಾನು ಬೈಸಿಕೊಂಡಿದ್ದೆಲ್ಲ ದಂಡವಾಯಿತು ಎಂದ.

"ದಂಡ ಅಲ್ಲ." ಅವಳು ಮುಖ ತಿರುಗಿಸಿದಳು. "ಬಾಗಿಲಲ್ಲಿ ನಕ್ರಲ್ಲ... ಆಗ್ಲೇ ಇಷ್ಟ ಆಗಿಬಿಟ್ರಿ. ಅದಕ್ಕೇ ಬೈದೆ."

"ಇಷ್ಟ ಆದೋರಿಗೆಲ್ಲ ಹೀಗೇನಾ?"

"ಇಲ್ಲಿವರೆಗೂ ಯಾರೂ ಆಗಿಲ್ಲ."

ಅವನು ತನ್ನ ಸ್ಟೂಲನ್ನು ಅವಳತ್ತ ಎಳೆದ.

"ಕೂತ್ಕೊಳ್ಳಿ. ಸದ್ಯಕ್ಕೆ ಇದೇ ಇರೋದು."

"ಸ್ಟೂಲಿನ ಕಾಲು ಅಲ್ಲಾಡ್ತಿದೆ," ಎಂದಳು. ಕೂತಳು.